ಹಳಿ ಬಿಟ್ಟ ಮೊಳೆ

ರೈಲು ಹಳಿಯನ್ನು ಮರದ ಸ್ಲೀಪರಿಗೆ ಬಿಗಿಯುತ್ತಿದ್ದ ಮೊಳೆಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕೈಯಲ್ಲಿ ಹಿಡಿದು ನೋಡಿರಲಾರರು. ಐದಾರು ಅಂಗುಲ ಉದ್ದ. ಹೆಬ್ಬೆರಳಿನ ಗಾತ್ರದ ಚೌಕನೆಯ ಮೈ. ಕೆಳಗೆ ಉಳಿಯಂತಹ ಬಾಯಿ. ಮೇಲೆ ಒಂದು ಪಕ್ಕಕ್ಕೆ ತುಟಿಯಂತೆ ಚಾಚಿಕೊಂಡ ದಪ್ಪ ತಲೆ. ಈ ತುಟಿಯೇ ಹಳಿಯ ಪಾದವನ್ನು ಅದುಮಿ ಹಿಡಿಯುವ ಭಾಗ. ತಲೆಯ ಎರಡು ಮಗ್ಗುಲಿಗೂ ಕಿವಿಯಂತಹ ಎರಡು ಗುಬುಟುಗಳಿವೆ. ಹಾರೆಯ ಸೀಳುಬಾಯಿಗೆ ಸಿಕ್ಕಿಸಿ ಮೀಟಿ ಕೀಳುವುದಕ್ಕಾಗಿ ಅವು. ಎದುರಿನಿಂದ ನೋಡಿದರೆ ನಾಯಿಯ ಮೋರೆಯಂತೆ ತೋರುವುದರಿಂದ ಇಂಗ್ಲಿಷರು ಇದಕ್ಕೆ ಡಾಗ್ ಸ್ಪೈಕ್ ಎಂದು ಹೆಸರಿಟ್ಟರು. ರೈಲ್ವೆಯ ಕಾಗದಪತ್ರಗಳಲ್ಲಿ ಇಂದಿಗೂ ಅದೇ ಹೆಸರು.

ಇಂತಹ ಹಳೆಯ ಮೊಳೆಗಳನ್ನು ಕಾಸಿ ಬಡಿದು ಬಗೆಬಗೆಯ ವಸ್ತುಗಳನ್ನು ಮಾಡುವುದು ಅಮೆರಿಕದ ಹವ್ಯಾಸಿ ಕಮ್ಮಾರರಲ್ಲಿ ಬಹಳ ಪ್ರಿಯವಾದ ಕೆಲಸ. ಕೊಕ್ಕೆ, ಬಾಗಿಲ ಹಿಡಿ, ದೀಪದ ನಿಲುವು, ಹಕ್ಕಿಯ ಗೊಂಬೆ, ಎಲ್ಲಕ್ಕೂ ಹೆಚ್ಚಾಗಿ ಚಾಕು. ಈ ಗೀಳು ಈಗ ನಮ್ಮ ಪಟ್ಟಣಗಳಿಗೂ ಕಾಲಿಟ್ಟಿದೆ. ಹಳೆಯದೆಲ್ಲವೂ ಅಲಂಕಾರವಾಗುವ ಕಾಲವಿದು. ಎತ್ತಿನ ಗಾಡಿಯ ಚಕ್ರ ಹಜಾರಕ್ಕೆ ಬಂದಾಯಿತು, ಒನಕೆ ಒರಳುಗಳು ಅಂಗಳಕ್ಕೆ ಬಂದಾಯಿತು, ಇನ್ನು ಹಳಿಯ ಮೊಳೆ ಬರುವುದರಲ್ಲಿ ಆಶ್ಚರ್ಯವೇನು? ಬರಲಿ. ಆದರೆ ಮನೆಗೆ ತರುವ ಮುನ್ನ ಆ ಮೊಳೆ ಎಲ್ಲಿಂದ ಬಂತು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳನ್ನು ಈ ಮಾತಿಗೆ ನೆಲೆಯಾಗಿಟ್ಟುಕೊಳ್ಳೋಣ. ಕಾಡು, ಹಳಿ, ಕುಲುಮೆ ಮೂರೂ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. 1888ರಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟವೇರಿ ಬಂದ ಗೋವೆಯ ಹಳಿಯೂ, ಲೋಂಡಾದ ಕಡೆಯಿಂದ ಹೋದ ಸದರ್ನ್ ಮರಾಠಾ ಕಂಪನಿಯ ಹಳಿಯೂ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ಕೂಡಿದುವು. ಇತ್ತ ಅಳ್ನಾವರದಿಂದ ಕವಲೊಡೆದ ಇನ್ನೊಂದು ಹಳಿ ಹಳಿಯಾಳದ ಸೀಮೆಯನ್ನು ಹಾಯ್ದು ದಾಂಡೇಲಿಯ ಕಾಡಿನ ಅಂಚಿಗೆ ಬಂದು ನಿಂತಿತು. ಕಾಡಿನ ಮರವನ್ನು ಹೊರಗೆ ಸಾಗಿಸುವುದು ಇದರ ಮೊದಲ ಕೆಲಸ. ಮುಂದೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ಬಹುಕಾಲ ನಿಂತುಹೋಗಿದ್ದ ಪ್ರಯಾಣಿಕರ ಗಾಡಿ 2019ರಲ್ಲಿ ಮತ್ತೆ ಈ ಹಳಿಯ ಮೇಲೆ ದಾಂಡೇಲಿಯ ಅಂಬೇವಾಡಿಯವರೆಗೆ ಓಡಿತು. ಮುಂಡಗೋಡಕ್ಕೆ ಮಾತ್ರ ಹಳಿ ಬರಲೇ ಇಲ್ಲ. ಆದರೆ ಕಬ್ಬಿಣದ ಹಳಮೆಯಲ್ಲಿ ಆ ಸೀಮೆ ಯಾರಿಗೂ ಕಡಿಮೆಯದಲ್ಲ. ಅದರ ನೆರೆಯ ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಿಂದಿನ ಕಬ್ಬಿಣದ ಸಾಮಾನುಗಳು ದೊರೆತಿವೆ. ಹಳಿ ಬರುವ ಮೊದಲೂ ಕುಲುಮೆ ಇತ್ತು, ಹಳಿ ಬಾರದ ಕಡೆಯೂ ಕುಲುಮೆ ಇತ್ತು.

ಕ್ಯಾಸಲ್‌ರಾಕ್‌ನ ಹಳಿಯ ಕತೆಯಲ್ಲಿ ಒಂದು ವಿಚಿತ್ರ ಅಧ್ಯಾಯವುಂಟು. ಗೋವೆಯ ಬಿಡುಗಡೆಯ ಹೋರಾಟ ಬಿಸಿಯೇರಿದ 1955ರಲ್ಲಿ ಗಡಿ ದಾಟುವ ಗಾಡಿಗಳು ನಿಂತುವು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಗುವ ತನಕ ಗಡಿಯಾಚೆಗಿನ ಘಟ್ಟವನ್ನು ನಮ್ಮ ಗಾಡಿಗಳು ಇಳಿಯಲಿಲ್ಲ. ಮಳೆಗಾಲದ ಮೇಲೆ ಮಳೆಗಾಲ ಕಳೆಯಿತು. ಗಾಡಿಯಿಲ್ಲದ ಹಳಿಯನ್ನೂ ಅದರ ಬಿಗಿತಗಳು ಹಿಡಿದೇ ಇದ್ದುವು. ಹಿಡಿದಿರುವುದು ಅವುಗಳ ಜಾತಿಗುಣ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1990ರ ದಶಕದಲ್ಲಿ ಈ ಭಾಗದ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ಮರದ ಸ್ಲೀಪರಿನ ಕಾಲ ಆ ವೇಳೆಗೆ ಎಲ್ಲೆಡೆಯೂ ಮುಗಿಯುತ್ತ ಬಂದಿತ್ತು. ಇಂದು ನೀವು ರೈಲಿನ ಕಿಟಕಿಯಿಂದ ಬಗ್ಗಿ ನೋಡಿದರೆ ಕಾಣುವುದು ಸಿಮೆಂಟ್ ಕಾಂಕ್ರೀಟಿನ ಸ್ಲೀಪರು, ಅದರ ಮೇಲೆ ಸುರುಳಿ ಸುತ್ತಿದ ಉಕ್ಕಿನ ಕ್ಲಿಪ್ಪು. ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪನ್ನು ಯಾರೋ ದೈತ್ಯನೊಬ್ಬ ಬಗ್ಗಿಸಿಟ್ಟಂತೆ ಅದರ ಆಕಾರ. ನಾರ್ವೆಯ ಪಾಂಡೆ ರೋಲ್ಫ್‌ಸೆನ್ ಎಂಬ ಎಂಜಿನಿಯರನು ಕಂಡುಹಿಡಿದದ್ದು. ಅವನ ಹೆಸರಿನಿಂದಲೇ ಪಾಂಡ್ರೋಲ್ ಎಂಬ ಹೆಸರು ಹುಟ್ಟಿತು. ಮೊಳೆ ಹೋಯಿತು, ಕ್ಲಿಪ್ಪು ಬಂತು.

ಹಳೆಯ ಮೊಳೆಗಳೆಲ್ಲ ಹೋದುದೆಲ್ಲಿಗೆ? ರೈಲ್ವೆಯವರು ತಮಗೆ ಬೇಡವಾದ ಕಬ್ಬಿಣವನ್ನು ಹರಾಜು ಹಾಕುತ್ತಾರೆ. ದೊಡ್ಡ ವ್ಯಾಪಾರಿಗಳು ಅದನ್ನು ರಾಶಿಯಾಗಿ ಕೊಳ್ಳುತ್ತಾರೆ. ಬಹುಪಾಲು ಕರಗುವ ಕುಲುಮೆಗೆ ಹೋಗುತ್ತದೆ. ಅಷ್ಟಿಷ್ಟು ಗುಜರಿ ಅಂಗಡಿಗಳಿಗೆ, ಧಾರವಾಡದ ಕಡೆಯವರ ಮಾತಿನಲ್ಲಿ ಮೋಡಕಾ ಅಂಗಡಿಗಳಿಗೆ, ಬಂದು ಸೇರುತ್ತದೆ. ಹವ್ಯಾಸಿಗೆ ನ್ಯಾಯವಾಗಿ ದೊರೆಯುವ ಮೊಳೆ ಇದೊಂದೇ, ಅದೂ ಅಂಗಡಿಯವನು ರಸೀತಿ ಕೊಟ್ಟರೆ. ಹಳಿಯ ಪಕ್ಕದಲ್ಲಿ ತುಕ್ಕು ಹಿಡಿದು ಬಿದ್ದದ್ದು ಯಾರಿಗೂ ಬೇಡವಾದದ್ದೆಂದು ಭಾವಿಸಿ ಎತ್ತಿಕೊಂಡು ಬರುವುದು ಸಲ್ಲದು. ರೈಲ್ವೆಯ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡವರಿಗಾಗಿ 1966ರಲ್ಲಿಯೇ ಒಂದು ಪ್ರತ್ಯೇಕ ಕಾಯಿದೆಯಾಗಿದೆ. ಕದ್ದದ್ದೆಂದು ಸಂಶಯ ಬರುವಂತಹ ರೈಲ್ವೆ ಸ್ವತ್ತು ನಿಮ್ಮಲ್ಲಿ ಸಿಕ್ಕರೆ, ಅದು ನ್ಯಾಯವಾಗಿ ಬಂದುದೆಂದು ಸಾಧಿಸಬೇಕಾದವರು ನೀವೇ. ಸಾಧಿಸಲಾಗದಿದ್ದರೆ ಮೊದಲ ತಪ್ಪಿಗೇ ಐದು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯಾಗಬಹುದು.

ಕಾಯಿದೆಯ ಭಯ ಒತ್ತಟ್ಟಿಗಿರಲಿ. ಪ್ರತಿದಿನವೂ ಕೀಮ್ಯಾನ್ ಎಂಬ ಕೆಲಸಗಾರನೊಬ್ಬನು ಸುತ್ತಿಗೆ ಹೊತ್ತು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾನೆ. ಮಳೆ ಬಂದರೂ ನಡೆಯುತ್ತಾನೆ, ಘಟ್ಟದಲ್ಲಿ ಆನೆಯ ಸುಳಿವಿದ್ದರೂ ನಡೆಯುತ್ತಾನೆ. ಸಡಿಲಾದ ಬಿಗಿತವನ್ನು ಬಡಿದು ಕೂರಿಸುವುದು, ಬಿದ್ದುಹೋದುದನ್ನು ಮತ್ತೆ ಹಾಕುವುದು ಅವನ ಕೆಲಸ. ಅವನು ಹಾಕಿ ಹೋದುದನ್ನು ಇನ್ನೊಬ್ಬನು ಕಿತ್ತು ಗುಜರಿಗೆ ಹಾಕಿದರೆ, ಆ ರಾತ್ರಿ ಗಾಡಿಯಲ್ಲಿ ಮಲಗಿರುವ ಸಾವಿರ ಜನರ ಪ್ರಾಣ ಸಡಿಲಾದಂತೆಯೇ. ಕೊಳ್ಳುವವರಿಲ್ಲದಿದ್ದರೆ ಕದಿಯುವವರಿಲ್ಲ. ಹೊಚ್ಚ ಹೊಸದಾಗಿ ಹೊಳೆಯುವ ಮೊಳೆಯನ್ನೋ ಕ್ಲಿಪ್ಪನ್ನೋ ಅಗ್ಗಕ್ಕೆ ಕೊಡುತ್ತೇನೆನ್ನುವವನ ಅಂಗಡಿಯ ಮೆಟ್ಟಿಲನ್ನು ಆ ಕೂಡಲೇ ಇಳಿಯಿರಿ.

ಇನ್ನು ಮೊಳೆಯ ಒಳಗುಣ. ಪಟ್ಟಣದ ಅಂಗಡಿಗಳಲ್ಲಿ ರೈಲ್ವೆ ಮೊಳೆಯ ಚಾಕುವನ್ನು ಹೊಗಳಿದಷ್ಟು ಇನ್ನಾವುದನ್ನೂ ಹೊಗಳುವುದಿಲ್ಲ. ರೈಲನ್ನೇ ಹಿಡಿದ ಕಬ್ಬಿಣ, ತರಕಾರಿಯನ್ನು ಹೆಚ್ಚದೆ ಬಿಟ್ಟೀತೇ ಎಂಬ ವಾದ ಕೇಳುವುದಕ್ಕೇನೋ ಚೆನ್ನಾಗಿದೆ. ವಾಸ್ತವ ಬೇರೆ. ಕಬ್ಬಿಣದಲ್ಲಿ ಇಂಗಾಲದ ಅಂಶ ಎಷ್ಟಿದೆಯೆಂಬುದರ ಮೇಲೆ ಅದರ ಅಲಗು ನಿಲ್ಲುತ್ತದೆ. ಒಳ್ಳೆಯ ಚಾಕುವಿಗೆ ನೂರರಲ್ಲಿ ಅರ್ಧ ಭಾಗಕ್ಕಿಂತ ಹೆಚ್ಚು ಇಂಗಾಲವಿರಬೇಕು. ಮೊಳೆಯಲ್ಲಿರುವುದು ಅದರ ಅರ್ಧ, ಹಲವೊಮ್ಮೆ ಅದಕ್ಕಿಂತಲೂ ಕಡಿಮೆ. ಕೆಂಪಗೆ ಕಾಸಿ ನೀರಿಗದ್ದಿದರೂ ಅದು ಗಡುಸಾಗುವುದು ಅಷ್ಟಕ್ಕಷ್ಟೆ. ಅಮೆರಿಕದ ಕೆಲವು ಮೊಳೆಗಳ ತಲೆಯ ಮೇಲೆ ಹೆಚ್ಚು ಇಂಗಾಲದ್ದೆಂಬ ಗುರುತಿರುತ್ತದೆ. ಆ ಹೆಚ್ಚು ಕೂಡ ಮೊಳೆಗಳ ನಡುವೆ ಹೆಚ್ಚೇ ಹೊರತು ಚಾಕುವಿನ ಲೆಕ್ಕಕ್ಕೆ ಕಡಿಮೆಯೇ.

ಇದು ಮೊಳೆಯ ದೋಷವಲ್ಲ, ಬೇಕೆಂದೇ ಮಾಡಿದ್ದು. ಗಾಡಿ ಹಾಯುವಾಗಲೆಲ್ಲ ಹಳಿ ಅದುರುತ್ತದೆ, ತುಸು ಏಳುತ್ತದೆ, ಮತ್ತೆ ಕೂರುತ್ತದೆ. ಗಡುಸಾದ ಮೊಳೆಯಾದರೆ ಗಾಜಿನಂತೆ ಮುರಿದೀತು. ಮೆದುವಾದ ಮೊಳೆ ತುಸು ಬಾಗಿ, ತಾಳಿಕೊಂಡು, ಹಿಡಿತ ಬಿಡದೆ ಇರುತ್ತದೆ. ಮೆದುವೆಂದ ಮಾತ್ರಕ್ಕೆ ತೀರ ಮೆದುವಾದರೂ ನಡೆಯದು. 1869ರ ಮೇ 10ರಂದು ಅಮೆರಿಕದ ಪೂರ್ವ ಪಶ್ಚಿಮಗಳ ಹಳಿಗಳು ಕೂಡಿದಾಗ ಒಂದು ಚಿನ್ನದ ಮೊಳೆಯನ್ನು ಹೊಡೆದರೆಂಬುದು ಪ್ರಸಿದ್ಧ ಕತೆ. ಹೊಡೆದರೆನ್ನುವುದು ಉಪಚಾರದ ಮಾತು. ಸ್ಲೀಪರಿಗೆ ಮೊದಲೇ ತೂತು ಕೊರೆದಿಟ್ಟು, ಅದರೊಳಗೆ ಮೊಳೆಯನ್ನು ಇಳಿಬಿಟ್ಟು, ಸಮಾರಂಭ ಮುಗಿದೊಡನೆ ತೆಗೆದು ಜೋಪಾನ ಮಾಡಿದರು. ಅದೀಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ. ನಿಜವಾಗಿ ಹಳಿಯನ್ನು ಹಿಡಿಯುವ ಕೆಲಸ ಎಂದಿನಂತೆ ಕಬ್ಬಿಣದ್ದೇ ಆಯಿತು.

ಮೊಳೆಯ ಈ ಗುಣವನ್ನು ಹಳಿಯಾಳದ ಸಂತೆಗೆ ಕುಡುಗೋಲು ಮಾಡಿಕೊಡುವ ಕಂಬಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಕು ಮಾಡಿಕೊಡೆಂದು ಮೊಳೆಯನ್ನು ಅವನ ಮುಂದಿಟ್ಟರೆ ಅದನ್ನು ಅಡಿಗಲ್ಲಿನ ಮೇಲೆ ಒಮ್ಮೆ ಕುಟ್ಟಿ ಸದ್ದು ಕೇಳಿಯಾನು. ಅರದಿಂದ ಒಮ್ಮೆ ಉಜ್ಜಿಯಾನು. ಸಾಣೆಗೆ ತಾಗಿಸಿ ಕಿಡಿ ನೋಡಿಯಾನು. ಕಿಡಿಯ ಪರೀಕ್ಷೆ ಬಹಳ ಸೊಗಸಾದದ್ದು, ನೀವೂ ನೋಡಬಹುದು. ಮೆದು ಕಬ್ಬಿಣದ ಕಿಡಿ ಉದ್ದವಾಗಿ, ನೆಟ್ಟಗೆ, ಕವಲಿಲ್ಲದೆ ಹಾರುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ದೀಪಾವಳಿಯ ಸುರುಸುರುಬತ್ತಿಯಂತೆ ನಡುದಾರಿಯಲ್ಲಿ ಒಡೆದು ನಕ್ಷತ್ರಗಳಾಗಿ ಚೆಲ್ಲುತ್ತದೆ. ಇಷ್ಟು ನೋಡಿದ ಮೇಲೆ ಅವನು, "ಇದರಾಗ ಅಲಗು ನಿಲ್ಲಂಗಿಲ್ರೀ ಸಾಹೇಬ್ರ, ಕೊಕ್ಕಿ ಬೇಕಾದ್ರ ಮಾಡಿ ಕೊಡ್ತೀನಿ" ಎಂದಾನು. ಆ ಮಾತನ್ನು ಕೇಳಿ. ಪಟ್ಟಣದಿಂದ ಹೋದವರು ಚಿತ್ರ ತೋರಿಸಿ, ಇಂತಹುದೇ ಬೇಕೆಂದು ಹಟ ಹಿಡಿದರೆ ಅವನು ಮಾಡಿಕೊಡುತ್ತಾನೆ, ಹೊಟ್ಟೆಪಾಡು ಅವನಿಗೂ ಇದೆ. ಆದರೆ ಎರಡು ಬದನೆಕಾಯಿ ಹೆಚ್ಚುವಷ್ಟರಲ್ಲಿ ಮೊಂಡಾಗುವ ಆ ಚಾಕುವಿಗೆ ಅವನನ್ನು ದೂರಬಾರದು.

ಚಾಕುವೋ, ಮೆಟ್ಟುಗತ್ತಿಯೋ, ತೋಟದ ಕತ್ತಿಯೋ ಬೇಕಾದರೆ ಅವನಲ್ಲಿ ಬೇರೆ ಸರಕಿದೆ. ಲಾರಿಯ ಕಮಾನುಪಟ್ಟಿ ನಮ್ಮ ಹಳ್ಳಿಗಳ ಕುಲುಮೆಗೆ ದೊರೆತ ದೊಡ್ಡ ವರ. ಅದರಲ್ಲಿ ಸಾಕಷ್ಟು ಇಂಗಾಲವಿದೆ, ಹದ ಕೊಟ್ಟರೆ ಹಿಡಿಯುತ್ತದೆ. ರೈಲ್ವೆಯ ವಸ್ತುವೇ ಬೇಕೆಂಬವರಿಗೆ, ಹರಾಜಿನಲ್ಲಿ ಬಂದ ಹಳೆಯ ಪಾಂಡ್ರೋಲ್ ಕ್ಲಿಪ್ಪು ಮೊಳೆಗಿಂತ ಎಷ್ಟೋ ಮೇಲು. ಅದು ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ ಸ್ಪ್ರಿಂಗ್ ಉಕ್ಕು. ಇಂಗಾಲವೂ ನೂರರಲ್ಲಿ ಅರ್ಧ ಭಾಗಕ್ಕೆ ಮೇಲ್ಪಟ್ಟಿರುತ್ತದೆ. ಉಕ್ಕಿಗೆ ಬೆರೆಸುವ ಫೆರೋ ಮ್ಯಾಂಗನೀಸನ್ನು ತಯಾರಿಸುವ ಕಾರ್ಖಾನೆ ಒಂದು ಕಾಲದಲ್ಲಿ ದಾಂಡೇಲಿಯಲ್ಲಿಯೇ ಇತ್ತೆಂಬುದನ್ನು ಇಲ್ಲಿ ಜ್ಞಾಪಿಸಬಹುದು.

ಹಾಗಾದರೆ ಮೊಳೆ ಯಾವುದಕ್ಕೆ? ಹಿಡಿಯುವುದಕ್ಕೆ. ಹುಟ್ಟಿದ್ದೇ ಅದಕ್ಕಾಗಿ. ಗೋಡೆಗೆ ಗೂಟ, ಬಾಗಿಲಿಗೆ ಹಿಡಿ, ಕದಕ್ಕೆ ಅಗುಳಿ, ಪುಸ್ತಕದ ಸಾಲಿಗೆ ಒತ್ತು. ಮೂರು ಮೊಳೆಗಳ ತಲೆಗಳನ್ನು ಕೆಳಗಿಟ್ಟು ಮೇಲೊಂದು ಬಳೆ ಬೆಸೆದರೆ ಬಿಸಿ ಪಾತ್ರೆಯಿಡುವ ಮುಕ್ಕಾಲಿ. ಗೃಹಿಣಿಯರಿಗೆ ಇದಕ್ಕಿಂತ ಪ್ರಯೋಜನದ ವಸ್ತು ಈ ಮೊಳೆಯಿಂದ ಬೇರೆ ಆಗಲಾರದೆಂದು ನನ್ನ ಅಭಿಪ್ರಾಯ. ಭಾರವಾಗಿರುವುದರಿಂದ ಅಲುಗುವುದಿಲ್ಲ, ಸುಡುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ.

ನಮ್ಮ ಹಳೆಯ ಮನೆಗಳಲ್ಲಿ ಅಂಗಿ ರುಮಾಲು ತೂಗಹಾಕಲು ಗಿಳಿಗೂಟಗಳಿರುತ್ತಿದ್ದುವಷ್ಟೆ. ಗೂಟದ ತುದಿಯಲ್ಲಿ ಗಿಳಿಯ ಕೊರಳು, ಕೊಕ್ಕು. ದಾಂಡೇಲಿಯ ಮೊಳೆಗೆ ಗಿಳಿಗಿಂತ ಮಂಗಟ್ಟೆ ಹಕ್ಕಿ ಒಪ್ಪುತ್ತದೆ. ಭಾರಿ ಕೊಕ್ಕಿನ, ಕೊಕ್ಕಿನ ಮೇಲೆ ಇನ್ನೊಂದು ಶಿರಸ್ತ್ರಾಣ ಹೊತ್ತ ಈ ಹಕ್ಕಿಯ ನಾಲ್ಕು ಬಗೆಗಳು ಆ ಕಾಡಿನಲ್ಲಿವೆ; ಅವುಗಳಿಗಾಗಿಯೇ 2011ರಲ್ಲಿ ಅಲ್ಲೊಂದು ಸಂರಕ್ಷಣಾ ಪ್ರದೇಶವನ್ನು ಘೋಷಿಸಿದ್ದಾರೆ. ಮೊಳೆಯ ತಲೆಯನ್ನು ಒಮ್ಮೆ ಪಕ್ಕದಿಂದ ನೋಡಿ: ಮುಂದಕ್ಕೆ ಚಾಚಿದ ತುಟಿ, ಮೇಲೆ ಉಬ್ಬಿದ ನೆತ್ತಿ. ಹಕ್ಕಿ ಅರ್ಧ ಅಲ್ಲಿಯೇ ಇದೆ!

ಮಾಡುವ ಬಗೆ ಕಷ್ಟದ್ದಲ್ಲ, ಕೈ ಪಳಗಿರಬೇಕು ಅಷ್ಟೆ. ತಲೆಯನ್ನು ಮಾತ್ರ ಇದ್ದಿಲಿನ ಬೆಂಕಿಯಲ್ಲಿಟ್ಟು ಕಿತ್ತಳೆ ಬಣ್ಣಕ್ಕೆ ಕಾಸಬೇಕು. ಇಕ್ಕಳದಿಂದ ಹಿಡಿದು, ತುಟಿಯನ್ನು ಅಡಿಗಲ್ಲಿನ ಅಂಚಿಗೆ ಕೊಟ್ಟು, ಸಣ್ಣ ಸುತ್ತಿಗೆಯಿಂದ ಎರಡು ಪಕ್ಕದಲ್ಲೂ ಸಮನಾಗಿ ಬಡಿಯುತ್ತ ಬಂದರೆ ಕೊಕ್ಕು ಉದ್ದವಾಗುತ್ತದೆ, ತಾನಾಗಿ ತುಸು ಕೆಳಗೆ ಬಾಗುತ್ತದೆ. ನೆತ್ತಿಯನ್ನು ಮುಟ್ಟದೆ ಬಿಟ್ಟರೆ ಅದೇ ಶಿರಸ್ತ್ರಾಣ. ಕಿವಿಗಳನ್ನು ಒಳಕ್ಕೆ ಬಡಿದು ಕೆನ್ನೆ ಮಾಡಿ, ಮೊಂಡು ಉಳಿಯಿಂದ ಒಂದೊಂದು ಚುಕ್ಕೆ ಒತ್ತಿದರೆ ಕಣ್ಣಾಯಿತು. ಆಮೇಲೆ ಮೈಯ ಸರದಿ. ಕೊರಳಿಗೆ ಒಂದು ತಿರುಚು ಬೇಕಾದರೆ ನಡುಭಾಗವನ್ನು ಉದ್ದಕ್ಕೂ ಒಂದೇ ಬಣ್ಣ ಬರುವಂತೆ ಕಾಸಿ, ಒಂದು ತುದಿಯನ್ನು ಬೈಸಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಪಾನದಿಂದ ಹಿಡಿದು ಒಂದೇ ಸಮನೆ ತಿರುವಬೇಕು. ಚೌಕನೆಯ ಮೈಯಾದ್ದರಿಂದ ನಾಲ್ಕು ಅಂಚುಗಳೂ ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಕಾವು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾದರೆ ತಿರುಚು ಒಂದೇ ಕಡೆ ಗಂಟಿಕ್ಕಿಕೊಂಡು ಅಂದಗೆಡುತ್ತದೆ. ಕೆಂಪು ಆರಿದ ಮೇಲೆ ಬಡಿಯಬಾರದು. ಬೆಂಕಿಯಲ್ಲಿ ಮರೆತು ಬಿಡಲೂಬಾರದು. ಬಿಳಿಯ ಕಾವೇರಿ ಕಬ್ಬಿಣ ತಾನೇ ಕಿಡಿಗಾರತೊಡಗಿದರೆ ಅದು ಸುಟ್ಟಿತೆಂದೇ ಅರ್ಥ, ಮತ್ತೆ ಕೆಲಸಕ್ಕೆ ಬಾರದು.

ಹೊಳಪಿಗೆ ಬಣ್ಣ ಬೇಡ. ಕೆಂಪು ಆರಿ ಕಪ್ಪಾದ ಮೇಲೂ ಇನ್ನೂ ಬಿಸಿಯಾಗಿರುವಾಗ ತಂತಿಯ ಬ್ರಷ್ಷಿನಿಂದ ಉಜ್ಜಿ, ಜೇನುಮೇಣವನ್ನೋ ಅಗಸೆ ಎಣ್ಣೆಯನ್ನೋ ಸವರಿದರೆ ಕಬ್ಬಿಣದ ಮೈ ಕರಿಯ ರೇಷ್ಮೆಯಂತಾಗುತ್ತದೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅಗಸೆ ಎಣ್ಣೆ ಒಣಗಿ ಪೊರೆಗಟ್ಟುವ ಜಾತಿಯದು, ಕೊಬ್ಬರಿ ಎಣ್ಣೆ ಒಣಗದು. ಧೂಳನ್ನೆಲ್ಲ ಹಿಡಿದು ಜಿಗುಟಾಗಿ, ತೂಗಹಾಕಿದ ಅಂಗಿಗೆ ಕಲೆ ಮಾಡುತ್ತದೆ. ಘಟ್ಟದ ಮಳೆಗಾಲದಲ್ಲಿ ಯಾವ ಕಬ್ಬಿಣವೂ ಹೇಗೂ ತುಕ್ಕು ಹಿಡಿಯುವುದೇ. ವರ್ಷಕ್ಕೊಮ್ಮೆ ಉಜ್ಜಿ ಮೇಣ ಸವರಿದರಾಯಿತು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹಳೆಯ ಮೊಳೆಯ ಕೊರಳಲ್ಲಿ, ಹಳಿ ವರ್ಷಗಟ್ಟಲೆ ಉಜ್ಜಿದ ಕಡೆ, ಸವೆತವಿರುತ್ತದೆ. ಕಣ್ಣಿಗೆ ಕಾಣದ ಬಿರುಕೂ ಇದ್ದೀತು. ಆದುದರಿಂದ ಅಂಗಿ, ಚೀಲ, ಕೊಡೆ, ಕಂದೀಲುಗಳ ಭಾರಕ್ಕೆ ಅದು ಸಾಕು. ತೊಟ್ಟಿಲನ್ನಾಗಲಿ ಉಯ್ಯಾಲೆಯನ್ನಾಗಲಿ ಅದರಿಂದ ಮಾಡಿದ ಕೊಕ್ಕೆಗೆ ಎಂದಿಗೂ ತೂಗಹಾಕಬಾರದು. ಎರಡನೆಯದು, ಮೊಳೆಯ ಜೊತೆಗೆ ಹಳೆಯ ಸ್ಲೀಪರಿನ ತುಂಡನ್ನೂ ಹಲವರು ಕೊಂಡು ತರುತ್ತಾರೆ. ಮರ ಗೆದ್ದಲು ಹಿಡಿಯದಿರಲೆಂದು ಅನೇಕ ಸ್ಲೀಪರುಗಳಿಗೆ ಕ್ರಿಯೋಸೋಟ್ ಎಂಬ ಕಪ್ಪು ಡಾಂಬರಿನೆಣ್ಣೆಯನ್ನು ಕುಡಿಸಿರುತ್ತಾರೆ. ಅದು ಮೈಗೆ ತಾಗಿದರೂ ಕೆಡುಕು, ಹೊಗೆಯಾಗಿ ಮೂಗಿಗೆ ಹೋದರಂತೂ ಇನ್ನೂ ಕೆಡುಕು. ಅಂತಹ ಮರವನ್ನು ಬಚ್ಚಲ ಒಲೆಗೆ ಹಾಕಬಾರದು, ಮಕ್ಕಳು ಕೂರುವ ಬೆಂಚು ಮಾಡಿಸಬಾರದು, ಸೊಪ್ಪಿನ ಪಾತಿಗೆ ಕಟ್ಟೆಯಾಗಿ ಇಡಬಾರದು. ಮೊಳೆಗೆ ಅಂಟಿದ ಎಣ್ಣೆಯನ್ನೂ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಸುಟ್ಟ ಮೇಲೆಯೇ ಕುಲುಮೆಯ ಮಾಡಿನೊಳಗೆ ತರಬೇಕು.

ಕಡೆಯದಾಗಿ ಕೂಲಿಯ ಮಾತು. ಕುಡುಗೋಲು ಗುದ್ದಲಿಗಳು ಈಗ ಕಾರ್ಖಾನೆಯಿಂದ ಅಗ್ಗವಾಗಿ ಬರುತ್ತಿರುವುದರಿಂದ ಹಳ್ಳಿಯ ಕುಲುಮೆಗೆ ಕೆಲಸ ಕಡಿಮೆ. ತಿದಿಯ ಜಾಗಕ್ಕೆ ಗಾಳಿಯ ಪಂಕ ಬಂದಿದೆ, ಆದರೆ ಚಮ್ಮಟಿಗೆ ಎತ್ತುವ ಮಗ ಪಟ್ಟಣ ಸೇರಿದ್ದಾನೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಎರಡು ಕಂತುಗಳಲ್ಲಿ ಮೂರು ಲಕ್ಷ ರೂಪಾಯಿಯವರೆಗೆ ನೂರಕ್ಕೆ ಐದರ ಬಡ್ಡಿಯ ಸಾಲ ಅದರಲ್ಲಿದೆ. ಸಾಲದಿಂದ ಕುಲುಮೆ ಕಟ್ಟಬಹುದು, ಕೊಳ್ಳುವವರನ್ನು ಕಟ್ಟಲಾಗದು. ದಾಂಡೇಲಿಯ ಕಾಡು ನೋಡಲು ಬರುವ ಪಟ್ಟಣದ ಕುಟುಂಬಗಳು ಮರಳುವಾಗ ಒಂದು ಮಂಗಟ್ಟೆಗೂಟವನ್ನು ನ್ಯಾಯವಾದ ಬೆಲೆ ಕೊಟ್ಟು ಕೊಂಡರೆ ಆ ಕೊರತೆ ಎಷ್ಟೋ ತೀರೀತು.

ಬೆಲೆ ಕೇಳುವ ಮೊದಲು ಲೆಕ್ಕ ಹಾಕಿ ನೋಡಿ. ಮೊಳೆಯ ಬೆಲೆ ಗುಜರಿಯ ತೂಕದ ಬೆಲೆ, ಅದೇನೂ ಹೆಚ್ಚಲ್ಲ. ಉಳಿದದ್ದು ಇದ್ದಿಲು, ನಾಲ್ಕೈದು ಕಾವು, ಅರ್ಧ ಗಂಟೆಗೆ ಮೀರಿದ ಹೊತ್ತು, ಎರಡು ಜೊತೆ ಕೈ. ಮಾಡಿಸುವವರು ಮೊಳೆಯ ರಸೀತಿಯನ್ನು ಜೊತೆಗೊಯ್ದು ಕಂಬಾರನ ಕೈಗೆ ಒಂದು ನಕಲು ಕೊಡಿ, ನಾಳೆ ಯಾರಾದರೂ ಕೇಳಿದರೆ ಅವನು ತೋರಿಸಬೇಕಾದೀತು. ಬಿತ್ತನೆಗೆ ಮೊದಲು ಹೋಗಬೇಡಿ. ಆಗ ಅವನಿಗೆ ರೈತರ ಕುಳ ಮೊನೆ ಮಾಡುವ ಅವಸರ. ಸುಗ್ಗಿ ಮುಗಿದ ಮೇಲೆ, ಬೆಳಗಿನ ಹೊತ್ತು ಹೋದರೆ ಕೆಲಸ ನಿಧಾನವಾಗಿಯೂ ಚೆನ್ನಾಗಿಯೂ ಆಗುತ್ತದೆ.